ಮನೆಮಂದಿಗೆಲ್ಲ ಒಂದೇ ಕನ್ಸೋಲ್: ಕಟ್ಟಾ ಆಟಗಾರರಿಗೆ ಸಿಕ್ಕಿದ್ದೇನು?

2006ರ ನವೆಂಬರ್ 17ರಂದು ಅಮೆರಿಕದ ಅಂಗಡಿಗಳಿಗೆ ಸೋನಿಯ ಪ್ಲೇಸ್ಟೇಷನ್ 3 ಬಂತು. ಎರಡು ದಿನ ಕಳೆದು, 19ರಂದು, ನಿಂಟೆಂಡೊದ ವೀ ಬಂತು. ಸೋನಿಯ ಪೆಟ್ಟಿಗೆಗೆ 499 ಇಲ್ಲವೇ 599 ಡಾಲರ್. ಅದರಲ್ಲಿ ಬ್ಲೂ-ರೇ ಡ್ರೈವ್ ಇತ್ತು, ಹೊಸ ವಿನ್ಯಾಸದ ಸೆಲ್ ಪ್ರೊಸೆಸರ್ ಇತ್ತು, ಹೈ ಡೆಫಿನಿಷನ್ ಚಿತ್ರವಿತ್ತು. ವೀ ಬೆಲೆ 249.99 ಡಾಲರ್. ಅದರ ಒಳಗಿದ್ದದ್ದು ಐದು ವರ್ಷ ಹಿಂದಿನ ಗೇಮ್‌ಕ್ಯೂಬ್‌ನ ಚಿಪ್‌ಗಳನ್ನೇ ತಿದ್ದಿ ಚುರುಕುಗೊಳಿಸಿದ ಯಂತ್ರ. ಪ್ರೊಸೆಸರ್ ವೇಗ 485 ಮೆಗಾಹರ್ಟ್ಸ್‌ನಿಂದ 729ಕ್ಕೆ ಏರಿತ್ತು, ಅಷ್ಟೇ. ಹೈ ಡೆಫಿನಿಷನ್ ಮಾತೇ ಇರಲಿಲ್ಲ. ಆದರೆ ಡಬ್ಬಿಯೊಳಗೆ ಟಿವಿ ರಿಮೋಟಿನಂಥ ಒಂದು ಕಂಟ್ರೋಲರ್ ಇತ್ತು, ಜೊತೆಗೆ 'ವೀ ಸ್ಪೋರ್ಟ್ಸ್' ಎಂಬ ಆಟವಿತ್ತು. ಕೈ ಬೀಸಿದರೆ ಪರದೆಯ ಮೇಲಿನ ರಾಕೆಟ್ಟೂ ಬೀಸುತ್ತಿತ್ತು. ಅದನ್ನು ಯಾರಿಗೂ ಕಲಿಸಿಕೊಡಬೇಕಿರಲಿಲ್ಲ.

ಮೊಮ್ಮಕ್ಕಳ ಪಕ್ಕದಲ್ಲಿ ಅಜ್ಜಿಯರೂ ಎದ್ದು ನಿಂತು ಆಡಿದರು. ಅಮೆರಿಕದ ವೃದ್ಧಾಶ್ರಮಗಳಲ್ಲಿ ವೀ ಬೌಲಿಂಗ್ ಪಂದ್ಯಗಳು ನಡೆದವು, ಫಿಸಿಯೋಥೆರಪಿ ಮಾಡುವವರು ರೋಗಿಗಳ ಕೈಗೆ ಈ ರಿಮೋಟ್ ಕೊಟ್ಟರು. ಒಟ್ಟು 10.16 ಕೋಟಿ ವೀ ಮಾರಾಟವಾದವು. ವೀ ಸ್ಪೋರ್ಟ್ಸ್ 8.29 ಕೋಟಿ ಜನರ ಕೈ ಸೇರಿತು. ಇಷ್ಟು ದೊಡ್ಡ ಗೆಲುವಿನ ಜೊತೆಜೊತೆಗೇ ಒಂದು ದೂರು ಹುಟ್ಟಿಕೊಂಡಿತು, ಇಂದಿಗೂ ಅದು ಪೂರ್ತಿ ತಣ್ಣಗಾಗಿಲ್ಲ. ಚಿಕ್ಕಂದಿನಿಂದ ಆಡಿಕೊಂಡು ಬಂದವರನ್ನು, ಒಂದೊಂದು ಆಟಕ್ಕೆ ನೂರಾರು ಗಂಟೆ ಸುರಿಯುವವರನ್ನು, ಜಪಾನಿನಿಂದ ಡಿಸ್ಕ್ ತರಿಸಿಕೊಂಡಾದರೂ ಆಡುವವರನ್ನು ಈ ಕನ್ಸೋಲ್ ಕೈಬಿಟ್ಟಿತು ಎಂಬುದೇ ಆ ದೂರು.

ದೂರಿನಲ್ಲಿ ಹುರುಳಿದೆ. ಆದರೆ ಸಾಮಾನ್ಯವಾಗಿ ಬೆರಳು ತೋರಿಸುವ ಕಡೆ ತಪ್ಪು ಇಲ್ಲ. ಅಜ್ಜಿ ಬೌಲಿಂಗ್ ಆಡಿದ್ದರಿಂದ ಮೊಮ್ಮಗನ ಆಟ ಕೆಡಲಿಲ್ಲ. ಕೆಟ್ಟದ್ದು ಬೇರೆ ಕಡೆ: ಯಂತ್ರದ ಕಸುವಿನಲ್ಲಿ, ಇಂಟರ್ನೆಟ್ ವ್ಯವಸ್ಥೆಯಲ್ಲಿ, ಯಾವ ಆಟ ಯಾವ ದೇಶದ ಅಂಗಡಿಗೆ ಹೋಗಬೇಕು ಎಂದು ತೀರ್ಮಾನಿಸುವ ಕೋಣೆಗಳಲ್ಲಿ. ಇದನ್ನು ಬಿಡಿಸಿ ನೋಡಬೇಕಾದರೆ ಇನ್ನೂ ಹಿಂದಕ್ಕೆ ಹೋಗಬೇಕು.

1983ರಲ್ಲಿ ಅಮೆರಿಕದ ವಿಡಿಯೋ ಗೇಮ್ ಮಾರುಕಟ್ಟೆ ಕುಸಿದುಬಿತ್ತು. ಅಟಾರಿಯ ಯಂತ್ರಕ್ಕೆ ಯಾರು ಬೇಕಾದರೂ ಆಟ ಮಾಡಿ ಮಾರಬಹುದಾಗಿತ್ತು. ಕಳಪೆ ಆಟಗಳು ಅಂಗಡಿಗಳಲ್ಲಿ ರಾಶಿ ಬಿದ್ದವು. ಅದೇ ವರ್ಷ ಜುಲೈನಲ್ಲಿ ನಿಂಟೆಂಡೊ ಜಪಾನಿನಲ್ಲಿ ಬಿಟ್ಟ ಕನ್ಸೋಲಿನ ಹೆಸರು ಫ್ಯಾಮಿಲಿ ಕಂಪ್ಯೂಟರ್. ಮನೆಮಂದಿಯ ಯಂತ್ರ ಎಂಬ ಕಲ್ಪನೆ ವೀ ಜೊತೆ ಹುಟ್ಟಿದ್ದಲ್ಲ, ಅದು ಈ ಹೆಸರಿನಲ್ಲೇ ಇತ್ತು. 1985ರಲ್ಲಿ ಅಮೆರಿಕಕ್ಕೆ ಎನ್‌ಇಎಸ್ ಆಗಿ ಬಂದ ಈ ಯಂತ್ರ ಜಗತ್ತಿನಾದ್ಯಂತ 6.19 ಕೋಟಿ ಮಾರಾಟವಾಯಿತು. ಅದರ ಸೂಪರ್ ಮಾರಿಯೊ ಬ್ರದರ್ಸ್ ಮಗುವಿಗೂ ಆಡಲು ಬರುತ್ತಿತ್ತು, ಎಂಟನೆಯ ಲೋಕದಲ್ಲಿ ದೊಡ್ಡವರನ್ನೂ ಅಳಿಸುತ್ತಿತ್ತು. ಆಗ ಆಟಗಾರರಲ್ಲಿ ಎರಡು ಪಂಗಡ ಎಂಬ ಮಾತೇ ಇರಲಿಲ್ಲ.

ನಮ್ಮಲ್ಲಿ ಆ ಯಂತ್ರ ಬಂದದ್ದು ಅದರ ನಕಲುಗಳ ರೂಪದಲ್ಲಿ. ತೊಂಬತ್ತರ ದಶಕದಲ್ಲಿ ಕರ್ನಾಟಕದ ಊರುಗಳ ಮನೆಗಳಲ್ಲಿ ಟಿವಿಗೆ ಸಿಕ್ಕಿಸಿಕೊಂಡು ಆಡುತ್ತಿದ್ದ 'ವಿಡಿಯೋ ಗೇಮ್' ಬಹುಪಾಲು ಇದೇ ಫ್ಯಾಮಿಲಿ ಕಂಪ್ಯೂಟರಿನ ತದ್ರೂಪು. ಹಳದಿ ಕ್ಯಾಸೆಟ್ಟಿನ ಮೇಲೆ 9999 ಆಟಗಳೆಂದು ಅಚ್ಚಾಗಿರುತ್ತಿತ್ತು, ಒಳಗೆ ಬೆರಳೆಣಿಕೆಯಷ್ಟು ಆಟಗಳೇ ಹೆಸರು ಬದಲಿಸಿ ಮತ್ತೆ ಮತ್ತೆ ಬರುತ್ತಿದ್ದವು. ಮಾರಿಯೊ, ಕಾಂಟ್ರಾ ಆಡಿ ಬೆಳೆದ ಆ ಪೀಳಿಗೆಗೆ ನಿಂಟೆಂಡೊ ಎಂಬ ಹೆಸರು ತಿಳಿದದ್ದು ಎಷ್ಟೋ ವರ್ಷಗಳ ನಂತರ.

ಅಗ್ಗದ, ಹಳೆಯ, ಚೆನ್ನಾಗಿ ಪಳಗಿದ ತಂತ್ರಜ್ಞಾನವನ್ನು ಯಾರೂ ಯೋಚಿಸದ ರೀತಿಯಲ್ಲಿ ಬಳಸಬೇಕು ಎಂಬುದು ನಿಂಟೆಂಡೊದ ಗುನ್‌ಪೇ ಯೊಕೊಯಿ ಅವರ ನಂಬಿಕೆಯಾಗಿತ್ತು. ಕ್ಯಾಲ್ಕ್ಯುಲೇಟರ್ ಪರದೆಗಳಿಂದ 1980ರಲ್ಲಿ ಗೇಮ್ ಆ್ಯಂಡ್ ವಾಚ್ ಮಾಡಿದವರು ಅವರು. 1989ರ ಗೇಮ್‌ಬಾಯ್‌ಗೂ ಇದೇ ಸೂತ್ರ. ಅಟಾರಿ ಲಿಂಕ್ಸ್, ಸೆಗಾ ಗೇಮ್ ಗೇರ್‌ಗಳಲ್ಲಿ ಬಣ್ಣದ ಪರದೆ ಇತ್ತು, ಆದರೆ ಕೆಲವೇ ಗಂಟೆಗಳಲ್ಲಿ ಬ್ಯಾಟರಿ ಮುಗಿಯುತ್ತಿತ್ತು. ಗೇಮ್‌ಬಾಯ್‌ನದು ಮಾಸಲು ಹಸಿರು ಪರದೆ. ಕಡಿಮೆ ಬೆಲೆ, ಹೆಚ್ಚು ಬಾಳಿಕೆ, ಅಮೆರಿಕದಲ್ಲಿ ಜೊತೆಗೆ ಟೆಟ್ರಿಸ್. ಅದರ ಬಣ್ಣದ ಆವೃತ್ತಿಯೂ ಸೇರಿ 11.87 ಕೋಟಿ ಮಾರಾಟವಾಯಿತು. ವೀ ಯಂತ್ರದ ಬೇರು ಇಲ್ಲಿದೆ. ಯೊಕೊಯಿ ಅದನ್ನು ನೋಡಲಿಲ್ಲ; 1997ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು.

ಟಿವಿ ಮುಂದಿನ ಕಥೆ ಬೇರೆಯಾಗಿತ್ತು. 1994ರ ಡಿಸೆಂಬರಿನಲ್ಲಿ ಸೋನಿ ಪ್ಲೇಸ್ಟೇಷನ್ ತಂದ ಮೇಲೆ ನಿಂಟೆಂಡೊ ಜಾರುತ್ತಲೇ ಹೋಯಿತು. ನಿಂಟೆಂಡೊ 64 ಮಾರಾಟವಾದದ್ದು 3.29 ಕೋಟಿ, 2001ರ ಗೇಮ್‌ಕ್ಯೂಬ್ 2.17 ಕೋಟಿ. ಗೇಮ್‌ಕ್ಯೂಬ್ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಮೆಟ್ರಾಯ್ಡ್ ಪ್ರೈಮ್, ಎಫ್-ಝೀರೊ ಜಿಎಕ್ಸ್, ಸೂಪರ್ ಸ್ಮ್ಯಾಶ್ ಬ್ರದರ್ಸ್ ಮೆಲೀ, 2005ರ ಜನವರಿಯಲ್ಲಿ ಬಂದ ರೆಸಿಡೆಂಟ್ ಈವಿಲ್ 4 ಎಲ್ಲವೂ ಅದರಲ್ಲಿದ್ದವು. ಕಟ್ಟಾ ಆಟಗಾರ ಕೇಳಬಹುದಾದ ಆಟಗಳೇ ಅವು. ಆದರೂ ನಿಂಟೆಂಡೊದ ಅಲ್ಲಿಯವರೆಗಿನ ಪ್ರಮುಖ ಮನೆ ಕನ್ಸೋಲುಗಳಲ್ಲಿ ಅತಿ ಕಡಿಮೆ ಮಾರಾಟವಾದದ್ದು ಅದೇ. ವೀ ಬಂದಾಗ ನಿಂಟೆಂಡೊ ನಮ್ಮನ್ನು ಮರೆಯಿತು ಎಂದು ಕೋಪಿಸಿಕೊಂಡವರು ಈ ಹಿನ್ನೆಲೆಯನ್ನು ಲೆಕ್ಕಕ್ಕೆ ತೆಗೆದುಕೊಂಡದ್ದು ಕಡಿಮೆ.

ಅದೇ ಕಾಲಕ್ಕೆ ಪ್ಲೇಸ್ಟೇಷನ್ 2 ಇತ್ತು. ಮಾರಾಟ 15.5 ಕೋಟಿಯನ್ನೂ ದಾಟಿದ ಯಂತ್ರ. ಅಗ್ಗದ ಡಿವಿಡಿ ಪ್ಲೇಯರ್ ಸಿಗುತ್ತದೆಂದು ಅದನ್ನು ಕೊಂಡ ಮನೆಗಳೇ ಎಷ್ಟೋ. ಕ್ಯಾಮೆರಾ ಮುಂದೆ ಕೈಯಾಡಿಸುವ ಐಟಾಯ್, ಮೈಕ್ ಹಿಡಿದು ಹಾಡುವ ಸಿಂಗ್‌ಸ್ಟಾರ್, ಗುಂಡಿ ಒತ್ತಿ ಉತ್ತರಿಸುವ ಬಝ್ ರಸಪ್ರಶ್ನೆ, ಎಲ್ಲವೂ ಅದರಲ್ಲಿ ಬಂದವು. ಡೆವಿಲ್ ಮೇ ಕ್ರೈ ಬಂದದ್ದೂ ಅದರಲ್ಲೇ, ಶ್ಯಾಡೋ ಆಫ್ ದ ಕೊಲೊಸಸ್ ಬಂದದ್ದೂ ಅದರಲ್ಲೇ. ಜನಸಾಮಾನ್ಯರ ಯಂತ್ರ ಕಟ್ಟಾ ಆಟಗಾರರ ಯಂತ್ರವಾಗಲಾರದು ಎಂಬ ವಾದಕ್ಕೆ ಇದಕ್ಕಿಂತ ಗಟ್ಟಿಯಾದ ಉತ್ತರ ಬೇಕಿಲ್ಲ. ಹಾಗಾದರೆ ಪ್ಲೇಸ್ಟೇಷನ್ 2ರಲ್ಲಿ ಆದದ್ದು ವೀಯಲ್ಲಿ ಏಕೆ ಆಗಲಿಲ್ಲ?

2002ರಲ್ಲಿ ನಿಂಟೆಂಡೊದ ಅಧ್ಯಕ್ಷರಾದ ಸತೋರು ಇವಾಟ ಮೂಲತಃ ಪ್ರೋಗ್ರಾಮರ್, ಎಚ್‌ಎಎಲ್ ಲ್ಯಾಬೊರೇಟರಿಯಲ್ಲಿ ಆಟ ಬರೆದು ಬೆಳೆದವರು. ಆಟಗಳು ವರ್ಷದಿಂದ ವರ್ಷಕ್ಕೆ ಜಟಿಲವಾಗುತ್ತಿವೆ, ಕಂಟ್ರೋಲರಿನ ಗುಂಡಿಗಳನ್ನು ನೋಡಿಯೇ ಹೊಸಬರು ಹಿಂಜರಿಯುತ್ತಾರೆ, ಜಪಾನಿನಲ್ಲಿ ಆಡುವವರೇ ಕಡಿಮೆಯಾಗುತ್ತಿದ್ದಾರೆ ಎಂಬುದು ಅವರ ಆತಂಕ. 2004ರ ಕೊನೆಗೆ ಬಂದ ಎರಡು ಪರದೆಗಳ ಡಿಎಸ್ ಅವರ ಮೊದಲ ಪ್ರಯೋಗ. ನಾಯಿಮರಿ ಸಾಕುವ ನಿಂಟೆಂಡಾಗ್ಸ್, ತೊಹೊಕು ವಿಶ್ವವಿದ್ಯಾಲಯದ ರ‍್ಯೂತ ಕವಾಶಿಮ ಅವರ ಹೆಸರಿನ ಮಿದುಳಿನ ವ್ಯಾಯಾಮದ ಆಟ, ಇವು ಅದುವರೆಗೆ ಆಟವನ್ನೇ ಮುಟ್ಟದವರ ಕೈಗೆ ಹೋದವು. ಡಿಎಸ್ 15.4 ಕೋಟಿ ಮಾರಾಟವಾಯಿತು.

ಕಸುವಿನ ಪೈಪೋಟಿಯಿಂದ ಇವಾಟ ಹಿಂದೆ ಸರಿದದ್ದಕ್ಕೆ ಹಣದ ಕಾರಣವೂ ಇತ್ತು. ಹೈ ಡೆಫಿನಿಷನ್ ಬಂದ ಮೇಲೆ ಒಂದು ಕಾರು, ಒಂದು ಬೀದಿ, ಒಂದು ಮುಖ ಚಿತ್ರಿಸಲು ಹಿಡಿಯುವ ಶ್ರಮ ಹಲವು ಪಟ್ಟು ಏರಿತು. ಅದರ ಒಂದು ಪಾಲು ಬೆಂಗಳೂರಿಗೂ ಬಂತು. ರಾಜೇಶ್ ರಾವ್ 1997ರಲ್ಲಿ ಕಟ್ಟಿದ ಧ್ರುವ ಇಂಟರಾಕ್ಟಿವ್, ಎಕ್ಸ್‌ಬಾಕ್ಸ್‌ನ ಫೋರ್ಜಾ ರೇಸಿಂಗ್ ಸರಣಿಯಂಥ ದೊಡ್ಡ ಆಟಗಳಿಗೆ ಚಿತ್ರಕಲೆಯ ಕೆಲಸ ಮಾಡಿಕೊಟ್ಟೇ ಬೆಳೆಯಿತು. 2019ರಲ್ಲಿ ಅದನ್ನು ರಾಕ್‌ಸ್ಟಾರ್ ಕೊಂಡು ಬೆಂಗಳೂರಿನ ತನ್ನ ಸ್ಟುಡಿಯೋದೊಳಗೆ ಸೇರಿಸಿಕೊಂಡಿತು. ಕಟ್ಟಾ ಆಟಗಾರ ಬಯಸುವ ಚಿತ್ರದ ನಯ ಎಷ್ಟು ಜನರ ದುಡಿಮೆ ಬೇಡುತ್ತದೆ ಎಂಬುದನ್ನು ಅಲ್ಲಿನ ಕಲಾವಿದರಷ್ಟು ಚೆನ್ನಾಗಿ ಬಲ್ಲವರು ಕಡಿಮೆ.

ಇನ್ನು ವೀ ರಿಮೋಟ್. ಒಳಗೆ ವೇಗೋತ್ಕರ್ಷ ಅಳೆಯುವ ಒಂದು ಚಿಪ್, ಮೂತಿಯಲ್ಲಿ ಒಂದು ಅವಗೆಂಪು ಕ್ಯಾಮೆರಾ. ಟಿವಿ ಮೇಲೆ ಇಡುವ ಪಟ್ಟಿಗೆ ಸೆನ್ಸರ್ ಬಾರ್ ಎಂಬ ಹೆಸರಿದ್ದರೂ ಅದು ಏನನ್ನೂ ಗ್ರಹಿಸುವುದಿಲ್ಲ. ಎರಡು ತುದಿಯಲ್ಲಿ ಅವಗೆಂಪು ದೀಪ ಉರಿಸುತ್ತದೆ, ರಿಮೋಟ್ ಆ ಎರಡು ಚುಕ್ಕೆ ನೋಡಿ ತಾನೆಲ್ಲಿ ಗುರಿಯಿಟ್ಟಿದ್ದೇನೆಂದು ಲೆಕ್ಕ ಹಾಕುತ್ತದೆ. ಪಟ್ಟಿ ಕೆಟ್ಟರೆ ಎರಡು ಮೇಣದಬತ್ತಿ ಹಚ್ಚಿಟ್ಟರೂ ಕೆಲಸ ನಡೆಯುತ್ತಿತ್ತು. ಇಷ್ಟು ಸರಳವಾದ ಸಾಮಗ್ರಿಯಿಂದ ಇಂಥ ಮಾಯೆ ಹುಟ್ಟಿದ್ದು ಮೆಚ್ಚಬೇಕಾದ ಎಂಜಿನಿಯರಿಂಗ್. ಆದರೆ ಆ ಚಿಪ್‌ಗೆ ಕೈಯ ಕುಲುಕು ತಿಳಿಯುತ್ತಿತ್ತೇ ಹೊರತು ರಿಮೋಟ್ ಯಾವ ಕೋನದಲ್ಲಿ ತಿರುಗಿದೆ ಎಂಬುದು ಸರಿಯಾಗಿ ತಿಳಿಯುತ್ತಿರಲಿಲ್ಲ. ತೋಳೆತ್ತಿ ಬೀಸಿದರೂ ಒಂದೇ, ಸೋಫಾದಲ್ಲಿ ಒರಗಿ ಮಣಿಕಟ್ಟು ಕುಲುಕಿದರೂ ಒಂದೇ. ಹೊಸಬರು ಖುಷಿಯಿಂದ ತೋಳು ಬೀಸಿದರು. ಕೆಲವರ ಕೈಜಾರಿದ ರಿಮೋಟ್ ಟಿವಿಗೇ ಹೋಗಿ ಬಡಿದು, ಕಂಪನಿ ಮೊದಲ ತಿಂಗಳಲ್ಲೇ 32 ಲಕ್ಷ ಮಣಿಕಟ್ಟಿನ ಪಟ್ಟಿಗಳನ್ನು ಬದಲಿಸಿಕೊಡಲು ಮುಂದಾಗಬೇಕಾಯಿತು. ಪಳಗಿದವರು ಮಾತ್ರ ಒಂದೆರಡು ವಾರದಲ್ಲೇ ಆ ಮಿತಿಯನ್ನು ಕಂಡುಕೊಂಡರು. ನೂರು ಗಂಟೆ ಆಡಿದರೂ ಕೈ ಪಳಗಿದ್ದಕ್ಕೆ ಫಲ ಕಡಿಮೆ ಎಂಬುದು ಅವರನ್ನು ನೋಯಿಸಿದ ಮೊದಲ ಸಂಗತಿ.

ಕತ್ತಿವರಸೆಯ ಜೆಲ್ಡಾ ಸರಣಿಯ ಟ್ವೈಲೈಟ್ ಪ್ರಿನ್ಸೆಸ್ ವೀ ಜೊತೆಯಲ್ಲೇ ಬಂತು. ಗೇಮ್‌ಕ್ಯೂಬ್‌ಗಾಗಿ ವರ್ಷಗಟ್ಟಲೆ ಕಟ್ಟಿದ ಆಟ ಅದು. ನಾಯಕ ಲಿಂಕ್ ಎಡಗೈಯವನು. ರಿಮೋಟ್ ಹಿಡಿಯುವವರೋ ಹೆಚ್ಚಾಗಿ ಬಲಗೈಯವರು. ನಿಂಟೆಂಡೊ ಇಡೀ ಲೋಕವನ್ನೇ ಕನ್ನಡಿಯಂತೆ ಮಗುಚಿತು. ವೀ ಆವೃತ್ತಿಯಲ್ಲಿ ಪೂರ್ವವಿದ್ದದ್ದು ಪಶ್ಚಿಮವಾಯಿತು, ಲಿಂಕ್ ಬಲಗೈಯವನಾದ. ಬಂದ ಮೊದಲ ದಿನವೇ ಐವತ್ತು ಗಂಟೆ ಹಿಡಿಯುವ ಸಾಹಸ ಇದ್ದ ಯಂತ್ರವನ್ನು ಕಟ್ಟಾ ಆಟಗಾರರನ್ನು ಮರೆತ ಯಂತ್ರ ಎನ್ನುವುದು ನ್ಯಾಯವಲ್ಲ.

ಮುಂದಿನ ವರ್ಷವೇ ಸೂಪರ್ ಮಾರಿಯೊ ಗ್ಯಾಲಕ್ಸಿ ಬಂತು, ಮೆಟ್ರಾಯ್ಡ್ ಪ್ರೈಮ್ 3 ಬಂತು. ಗ್ಯಾಲಕ್ಸಿಯಂತೂ ಆ ದಶಕದ ಅತ್ಯಂತ ಮೆಚ್ಚುಗೆ ಪಡೆದ ಆಟಗಳಲ್ಲೊಂದು, 1.28 ಕೋಟಿ ಪ್ರತಿ ಮಾರಾಟವಾಯಿತು. ನಿಂಟೆಂಡೊ ತನ್ನ ಕೈಯಾರೆ ಮಾಡಿದ ಆಟಗಳಲ್ಲಿ ಕೊರತೆ ಕಡಿಮೆ. ಕೊರತೆ ಎದ್ದು ಕಂಡದ್ದು ಬೇರೆ ಕಂಪನಿಗಳ ಆಟಗಳಲ್ಲಿ. ಗೇರ್ಸ್ ಆಫ್ ವಾರ್, ಮಾಸ್ ಎಫೆಕ್ಟ್ ನಿಂತದ್ದು ಅನ್‌ರಿಯಲ್ ಎಂಜಿನ್‌ನ ಹೊಸ ಪೀಳಿಗೆಯ ಮೇಲೆ, ಆ ಎಂಜಿನ್ ವೀ ಮೇಲೆ ಓಡುವ ಸ್ಥಿತಿಯಲ್ಲೇ ಇರಲಿಲ್ಲ. ಗ್ರ್ಯಾಂಡ್ ಥೆಫ್ಟ್ ಆಟೋ 4 ವೀಗೆ ಬರಲೇ ಇಲ್ಲ. 2007ರ ಕಾಲ್ ಆಫ್ ಡ್ಯೂಟಿ 4 ಬಂದದ್ದು ಎರಡು ವರ್ಷ ತಡವಾಗಿ, ಚಿತ್ರ ಇಳಿಸಿಕೊಂಡು. ಪ್ಲೇಸ್ಟೇಷನ್ 2 ತನ್ನ ಕಾಲದ ಹೆಚ್ಚಿನ ಕಂಪನಿಗಳಿಗೆ ಮೊದಲ ಆಯ್ಕೆಯಾಗಿತ್ತು. ವೀಗೆ ಪ್ರತ್ಯೇಕ ಆವೃತ್ತಿಯನ್ನೇ ಕಟ್ಟಬೇಕಿತ್ತು, ಹಲವು ಕಂಪನಿಗಳು ಆ ಕೆಲಸಕ್ಕೆ ಸಣ್ಣ ತಂಡ, ಸಣ್ಣ ಬಜೆಟ್ಟು ಕೊಟ್ಟು ಕೈತೊಳೆದುಕೊಂಡವು. ಪ್ಲೇಸ್ಟೇಷನ್ 2ರಲ್ಲಿ ಆದದ್ದು ವೀಯಲ್ಲಿ ಏಕೆ ಆಗಲಿಲ್ಲ ಎಂಬ ಪ್ರಶ್ನೆಗೆ ಉತ್ತರ ಇದೇ. ಅಂಗಡಿಯ ಕಪಾಟುಗಳು ತರಾತುರಿಯಲ್ಲಿ ಹೊಲಿದ ಪಾರ್ಟಿ ಆಟಗಳಿಂದ ತುಂಬಿದವು.

ಧೈರ್ಯ ಮಾಡಿದವರೂ ಇದ್ದರು. ಗೊಯಿಚಿ ಸುಡ ಅವರ ನೋ ಮೋರ್ ಹೀರೋಸ್, ಕ್ಯಾಪ್‌ಕಾಮ್‌ನ ಝ್ಯಾಕ್ ಆ್ಯಂಡ್ ವಿಕಿ, ಪ್ಲಾಟಿನಂಗೇಮ್ಸ್ ಸೆಗಾಗಾಗಿ ಮಾಡಿದ ಕಪ್ಪು-ಬಿಳುಪಿನ ರಕ್ತಸಿಕ್ತ ಮ್ಯಾಡ್‌ವರ್ಲ್ಡ್ ಎಲ್ಲವೂ ವೀಗೆಂದೇ ಹುಟ್ಟಿದವು. 2009ರಲ್ಲಿ ಬಂದ ಮ್ಯಾಡ್‌ವರ್ಲ್ಡ್ ಚೆನ್ನಾಗಿ ಮಾರಾಟವಾಗಲಿಲ್ಲ. ವೀಯಲ್ಲಿ ಇಂಥ ಆಟ ಓಡುವುದಿಲ್ಲ ಎಂದು ಕಂಪನಿಗಳು ತೀರ್ಮಾನಿಸಿದವು. ನಮಗೆ ಆಟವೇ ಬರುತ್ತಿಲ್ಲ ಎಂದು ಆಟಗಾರರು ಹೇಳಿದರು. ಆ ಹೊತ್ತಿಗೆ ಇಂಥ ಆಟ ಬಯಸುವವರಲ್ಲಿ ಬಹಳ ಮಂದಿ ಎಕ್ಸ್‌ಬಾಕ್ಸ್ 360ನ್ನೂ ಕೊಂಡಾಗಿತ್ತು.

ಇದಕ್ಕಿಂತ ನೇರವಾದ ಅಲಕ್ಷ್ಯ ಯಂತ್ರದ ಸಣ್ಣಪುಟ್ಟ ಸಂಗತಿಗಳಲ್ಲಿತ್ತು. ಆಟಗಳನ್ನು ಇಂಟರ್ನೆಟ್‌ನಿಂದ ಇಳಿಸಿಕೊಳ್ಳುವ ಅಂಗಡಿ ತೆರೆದ ನಿಂಟೆಂಡೊ, ಅವನ್ನಿಡಲು ಕೊಟ್ಟ ಜಾಗ ಕೇವಲ 512 ಎಂಬಿ. ಹತ್ತಾರು ಆಟ ಕೊಂಡವರು ಒಂದನ್ನು ಅಳಿಸಿ ಇನ್ನೊಂದನ್ನು ಇಳಿಸುತ್ತ ಕೂರಬೇಕಿತ್ತು. ಎಸ್‌ಡಿ ಕಾರ್ಡಿನಿಂದ ನೇರವಾಗಿ ಆಟ ತೆರೆಯುವ ಸೌಕರ್ಯ ಬಂದದ್ದು 2009ರಲ್ಲಿ. ಗೆಳೆಯರ ಜೊತೆ ಆನ್‌ಲೈನ್ ಆಡಬೇಕಾದರೆ ಹನ್ನೆರಡು ಅಂಕಿಯ ಫ್ರೆಂಡ್ ಕೋಡ್ ಬರೆದು ಹಂಚಿಕೊಳ್ಳಬೇಕು, ಅದೂ ಪ್ರತಿ ಆಟಕ್ಕೆ ಬೇರೆ ಬೇರೆ. ವಾರಕ್ಕೊಮ್ಮೆ ಆಡುವವರಿಗೆ ಇದರಿಂದ ತೊಂದರೆಯಿಲ್ಲ. ದಿನವೂ ಆಡುವವರ ತಾಳ್ಮೆಯನ್ನು ಇದು ಅರೆದುಬಿಟ್ಟಿತು.

2008ರ ಜುಲೈನಲ್ಲಿ ಲಾಸ್ ಏಂಜಲೀಸ್‌ನ ಇ3 ಮೇಳದಲ್ಲಿ ನಿಂಟೆಂಡೊ ಮುಂದಿನ ವರ್ಷಕ್ಕೆ ಏನು ತರುತ್ತದೆಂದು ಎಲ್ಲರೂ ಕಾದಿದ್ದರು. ವೇದಿಕೆಯ ಮೇಲೆ ಕಂಡದ್ದು ರಿಮೋಟ್ ಅಲ್ಲಾಡಿಸಿ ವಾದ್ಯ ನುಡಿಸುವ ವೀ ಮ್ಯೂಸಿಕ್. ಹೊಸ ಜೆಲ್ಡಾ ಇಲ್ಲ, ಹೊಸ ಮೆಟ್ರಾಯ್ಡ್ ಇಲ್ಲ. ಅಲ್ಲಿಯವರೆಗೆ ಗುಸುಗುಸು ಎನ್ನುತ್ತಿದ್ದ ಅಸಮಾಧಾನ ಅಂದು ಗಟ್ಟಿದನಿಯಾಯಿತು.

ಆ ವರ್ಷವೇ ಬಂದ ಸೂಪರ್ ಸ್ಮ್ಯಾಶ್ ಬ್ರದರ್ಸ್ ಬ್ರಾಲ್‌ನ ಕಥೆ ಇಲ್ಲಿ ಬಹು ಮುಖ್ಯ. ಗೇಮ್‌ಕ್ಯೂಬ್‌ನ ಮೆಲೀ ಎಂಬ ಅದರ ಅಣ್ಣ ಪಾರ್ಟಿ ಆಟವೆಂದೇ ಹುಟ್ಟಿದ್ದು. ಆದರೆ ಆಟಗಾರರು ಅದರ ಆಳಕ್ಕಿಳಿದು, ಜಿಗಿತದ ಆರಂಭದಲ್ಲೇ ನೆಲದ ಕಡೆಗೆ ಓರೆಯಾಗಿ ತಪ್ಪಿಸಿಕೊಂಡರೆ ಪಾತ್ರ ಜಾರಿಕೊಂಡು ಹೋಗುವ ವೇವ್‌ಡ್ಯಾಷ್‌ನಂಥ ಪಟ್ಟುಗಳನ್ನು ಕಂಡುಕೊಂಡರು. ಸೆಕೆಂಡಿನ ಅರವತ್ತನೇ ಒಂದು ಪಾಲಿನಲ್ಲಿ ಗುಂಡಿ ಒತ್ತುವ ಕಸರತ್ತು ಅದು. ಹೊಸ ಚಪ್ಪಟೆ ಟಿವಿಗಳಲ್ಲಿ ಚಿತ್ರ ತುಸು ತಡವಾಗಿ ಮೂಡುತ್ತದೆಂದು ಪಂದ್ಯಗಳಿಗೆ ಹಳೆಯ ಡಬ್ಬಿ ಟಿವಿಗಳನ್ನೇ ಹೊತ್ತು ತರುತ್ತಿದ್ದರು. ನಿರ್ದೇಶಕ ಮಸಾಹಿರೊ ಸಕುರಾಯ್ ಅವರಿಗೆ ಹೊಸಬರಿಗೂ ನುರಿತವರಿಗೂ ನಡುವಿನ ಅಂತರ ಅತಿಯಾಯಿತೆನ್ನಿಸಿ, ಬ್ರಾಲ್‌ನಲ್ಲಿ ಆ ಪಟ್ಟುಗಳನ್ನು ತೆಗೆದರು, ವೇಗ ಇಳಿಸಿದರು. ಇನ್ನೊಂದನ್ನು ಸೇರಿಸಿದರು: ಓಡಲು ಹೊರಟ ಪಾತ್ರ ಒಮ್ಮೊಮ್ಮೆ ಯಾವ ಕಾರಣವೂ ಇಲ್ಲದೆ ಎಡವಿ ಬೀಳುತ್ತಿತ್ತು. ಹೊಸಬರನ್ನು ಕೈಹಿಡಿದು ಮೇಲೆತ್ತುವುದು ಬೇರೆ, ಬಲ್ಲವರ ಕಾಲಿಗೆ ಅಡ್ಡಗಾಲು ಕೊಡುವುದು ಬೇರೆ. ವೀ ಕಾಲದಲ್ಲಿ ಕಟ್ಟಾ ಆಟಗಾರರನ್ನು ವಿನ್ಯಾಸದಲ್ಲೇ ಕಡೆಗಣಿಸಿದ ಸ್ಪಷ್ಟ ಉದಾಹರಣೆ ಇದೇ.

ನುರಿತ ಆಟಗಾರರು ಮೆಲೀಗೆ ಮರಳಿದರು. 2013ರಲ್ಲಿ ಹೊಡೆದಾಟದ ಆಟಗಳ ದೊಡ್ಡ ಪಂದ್ಯಾವಳಿಯಾದ ಇವೊ, ಕೊನೆಯ ಒಂದು ಆಟವನ್ನು ಆರಿಸಲು ಸ್ತನ ಕ್ಯಾನ್ಸರ್ ಸಂಶೋಧನೆಗೆ ದೇಣಿಗೆಯ ಸ್ಪರ್ಧೆ ಇಟ್ಟಿತು. ಹನ್ನೆರಡು ವರ್ಷ ಹಳೆಯ ಮೆಲೀ ಪರವಾಗಿ ಅಭಿಮಾನಿಗಳು 94 ಸಾವಿರ ಡಾಲರಿಗೂ ಹೆಚ್ಚು ಕೊಟ್ಟು ಗೆದ್ದರು. ಪಂದ್ಯವನ್ನು ನೇರಪ್ರಸಾರ ಮಾಡಕೂಡದೆಂದು ನಿಂಟೆಂಡೊ ತಡೆಯೊಡ್ಡಿ, ಜನರ ಸಿಟ್ಟು ಕಂಡು ಕೆಲವೇ ಗಂಟೆಗಳಲ್ಲಿ ಹಿಂತೆಗೆದುಕೊಂಡಿತು. 2020ರಲ್ಲಿ ಕೋವಿಡ್‌ನಿಂದ ಎಲ್ಲರೂ ಮನೆಯಲ್ಲಿದ್ದಾಗ, ಅಭಿಮಾನಿಗಳೇ ಕಟ್ಟಿದ ಸ್ಲಿಪ್ಪಿ ಎಂಬ ತಂತ್ರಾಂಶದ ಮೇಲೆ ಮೆಲೀ ಪಂದ್ಯ ನಡೆಸಲು ಹೊರಟ ಬಿಗ್ ಹೌಸ್ ಪಂದ್ಯಾವಳಿಗೆ ಕಂಪನಿ ನೋಟಿಸು ಕೊಟ್ಟು ನಿಲ್ಲಿಸಿತು. ತನ್ನ ಆಟವನ್ನು ಎರಡು ದಶಕ ಜೀವಂತವಾಗಿಟ್ಟ ಜನರ ಮೇಲೆ ಇಷ್ಟು ಕಠಿಣವಾಗುವ ಅಗತ್ಯವಿರಲಿಲ್ಲ.

ಹೊಸಬರು, ನುರಿತವರು ಎಂಬ ಎರಡೂ ಬಗೆಯವರನ್ನು ಒಂದೇ ಆಟದಲ್ಲಿ ಕೂರಿಸುವುದು ಅಸಾಧ್ಯವೇ? ಅಲ್ಲ. 2009ರ ನ್ಯೂ ಸೂಪರ್ ಮಾರಿಯೊ ಬ್ರದರ್ಸ್ ವೀ ನೋಡಿ. ಒಂದೇ ಹಂತದಲ್ಲಿ ಎಂಟು ಸಲ ಸತ್ತರೆ ಹಸಿರು ಪೆಟ್ಟಿಗೆಯೊಂದು ಮೂಡುತ್ತದೆ. ಅದನ್ನು ಗುದ್ದಿದರೆ ಲುಯಿಜಿ ತಾನೇ ಬಂದು ಆ ಹಂತ ಆಡಿ ತೋರಿಸುತ್ತಾನೆ. ಸುದ್ದಿ ಕೇಳಿದಾಗ ಬಹಳ ಮಂದಿ ಇನ್ನು ಆಟದ ಸವಾಲು ಮುಗಿಯಿತೆಂದು ದೂರಿದರು. ಆಟ ಕೈಗೆ ಬಂದ ಮೇಲೆ ಗೊತ್ತಾಯಿತು: ಸಹಾಯ ಇದೆಯೆಂಬ ಧೈರ್ಯದಿಂದ ಹಂತಗಳನ್ನು ಹಿಂದಿಗಿಂತ ಕಠಿಣ ಮಾಡಿದ್ದರು. ಎಲ್ಲ ನಾಣ್ಯ ಸಂಗ್ರಹಿಸಿ ಆಟ ಮುಗಿಸಿದವರ ಸೇವ್ ಫೈಲಿನಲ್ಲಿ ಐದು ನಕ್ಷತ್ರ ಮೂಡುತ್ತವೆ. ಆ ಹಸಿರು ಪೆಟ್ಟಿಗೆ ಒಮ್ಮೆಯೂ ಕಾಣಿಸಿಕೊಳ್ಳದಂತೆ ಆಡಿದವರಿಗೆ ಮಾತ್ರ ಅವು ಮಿನುಗುತ್ತವೆ. ಬೇರೆ ಯಾರೂ ಗಮನಿಸದ ಆ ಮಿನುಗಿಗಾಗಿ ಜನ ಮೊದಲಿನಿಂದ ಮತ್ತೆ ಆಡಿದರು. ಆಟ 3 ಕೋಟಿಗೂ ಹೆಚ್ಚು ಮಾರಾಟವಾಯಿತು.

ಅದೇ ವರ್ಷ ಬಂದ ವೀ ಮೋಷನ್‌ಪ್ಲಸ್ ಎಂಬ ಸೇರಿಕೆಯಿಂದ ರಿಮೋಟಿಗೆ ಕೋನ ತಿಳಿಯುವ ಜೈರೋಸ್ಕೋಪ್ ಸಿಕ್ಕಿತು. 2011ರ ನವೆಂಬರಿನ ಸ್ಕೈವರ್ಡ್ ಸೋರ್ಡ್ ಅದನ್ನು ಕಟ್ಟುನಿಟ್ಟಾಗಿ ಬಳಸಿತು. ಬಾಯಿ ಅಡ್ಡಲಾಗಿ ತೆರೆಯುವ ಗಿಡರಾಕ್ಷಸನಿಗೆ ಅಡ್ಡಲಾಗಿಯೇ ಕತ್ತಿ ಬೀಸಬೇಕು, ಉದ್ದಕ್ಕೆ ತೆರೆದರೆ ಉದ್ದಕ್ಕೆ. ಸುಮ್ಮನೆ ಕುಲುಕಿದರೆ ಏಟು ವ್ಯರ್ಥ. ಐದು ವರ್ಷ ತಡವಾಗಿ ಬಂದ ಉತ್ತರ ಇದು. ವೀ ಕೊಂಡವರಲ್ಲಿ ಹೆಚ್ಚಿನವರ ಯಂತ್ರ ಆಗಲೇ ದೂಳು ಹಿಡಿದಿತ್ತು.

ಎಲ್ಲಕ್ಕಿಂತ ನೋವಿನ ಪ್ರಸಂಗ ಝೀನೊಬ್ಲೇಡ್‌ನದು. ನಿಂಟೆಂಡೊ ತನ್ನದಾಗಿಸಿಕೊಂಡಿದ್ದ ಮೊನೊಲಿತ್ ಸಾಫ್ಟ್‌ನಲ್ಲಿ ತೆತ್ಸುಯ ತಕಹಾಶಿ ಕಟ್ಟಿದ ಭವ್ಯ ಕಥಾ ಸಾಹಸ ಇದು. ನಿಶ್ಚಲವಾಗಿ ನಿಂತ ಎರಡು ದೈತ್ಯ ದೇವರುಗಳ ಮೈಮೇಲೆ ಊರು, ಕಾಡು, ಹಿಮಬೆಟ್ಟಗಳಿರುವ ಲೋಕ. ಜಪಾನಿನಲ್ಲಿ 2010ರ ಜೂನಿನಲ್ಲಿ ಬಂತು, 2011ರ ಆಗಸ್ಟಿನಲ್ಲಿ ಯುರೋಪಿಗೆ ಬಂತು. ಇಂಗ್ಲಿಷ್ ಮಾತುಗಳು ಧ್ವನಿಮುದ್ರಣವಾಗಿ ಸಿದ್ಧವಿದ್ದರೂ ಅಮೆರಿಕಕ್ಕೆ ತರುವ ಯೋಜನೆಯೇ ಇಲ್ಲ ಎಂದಿತು ನಿಂಟೆಂಡೊ. ಹಿರೊನೊಬು ಸಕಗುಚಿ ಅವರ ದ ಲಾಸ್ಟ್ ಸ್ಟೋರಿ, ಪಂಡೋರಾಸ್ ಟವರ್ ಆಟಗಳಿಗೂ ಅದೇ ಗತಿ. ಅಭಿಮಾನಿಗಳು ಆಪರೇಷನ್ ರೇನ್‌ಫಾಲ್ ಎಂಬ ಚಳವಳಿ ಶುರುಮಾಡಿದರು. ಪತ್ರ ಬರೆದರು, ಇಮೇಲ್ ಕಳಿಸಿದರು. ಅಮೆಝಾನ್‌ನಲ್ಲಿ ಮೊನಾಡೊ ಎಂಬ ಹಳೆಯ ಹೆಸರಿನಲ್ಲಿ ಇನ್ನೂ ಉಳಿದಿದ್ದ ಆ ಆಟವನ್ನು ಮುಂಗಡ ಕಾಯ್ದಿರಿಸಿ, ವಿಡಿಯೋ ಗೇಮ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿಸಿದರು. 2012ರ ಏಪ್ರಿಲ್‌ನಲ್ಲಿ ಆಟ ಅಮೆರಿಕಕ್ಕೆ ಬಂತು, ಅದೂ ಒಂದು ಅಂಗಡಿ ಸರಣಿ ಮತ್ತು ನಿಂಟೆಂಡೊದ ಸ್ವಂತ ಮಳಿಗೆಯಲ್ಲಿ ಮಾತ್ರ. ಉಳಿದೆರಡನ್ನು ಎಕ್ಸ್‌ಸೀಡ್ ಎಂಬ ಸಣ್ಣ ಪ್ರಕಾಶನ ಸಂಸ್ಥೆ ತಂದಿತು. ಕಟ್ಟಾ ಆಟಗಾರರಿಗಾಗಿ ಹಣ ಸುರಿದು ಆಟ ಮಾಡಿಸಿ, ಮಾಡಿಸಿದ ಮೇಲೆ ಅವರ ಕೈಗೇ ಕೊಡದಿರುವುದು: ವೀ ಮೇಲಿನ ದೂರಿನಲ್ಲಿ ಅತ್ಯಂತ ನ್ಯಾಯವಾದ ಭಾಗ ಇದು.

ಈ ನಡುವೆ ಎಕ್ಸ್‌ಬಾಕ್ಸ್‌ನ ಮೈಕ್ರೋಸಾಫ್ಟ್ ಕೂಡ ಮನೆಮಂದಿಯನ್ನು ಸೆಳೆಯುವ ಅದೇ ದಾರಿ ಹಿಡಿದಿತ್ತು. 2010ರ ನವೆಂಬರಿನಲ್ಲಿ ಬಂದ, ಆಡುವವರ ಮೈಚಲನೆ ಗುರುತಿಸುವ ಕಿನೆಕ್ಟ್ ಕ್ಯಾಮೆರಾ ಅರವತ್ತು ದಿನಗಳಲ್ಲಿ 80 ಲಕ್ಷ ಮಾರಾಟವಾಯಿತು. ಗೋಲ್ಡನ್‌ಐ, ಬ್ಯಾಂಜೊ-ಕಝೂಯಿ ಮಾಡಿ ಹೆಸರಾಗಿದ್ದ ರೇರ್ ಸ್ಟುಡಿಯೋ ಕಿನೆಕ್ಟ್ ಸ್ಪೋರ್ಟ್ಸ್ ಮಾಡುವ ಕೆಲಸಕ್ಕೆ ಕೂತಿತು. 2013ರ ಮೇ ತಿಂಗಳಲ್ಲಿ ಎಕ್ಸ್‌ಬಾಕ್ಸ್ ಒನ್ ಅನಾವರಣಗೊಂಡಾಗ ವೇದಿಕೆಯಲ್ಲಿ ಆಟಕ್ಕಿಂತ ಟಿವಿ ಕಾರ್ಯಕ್ರಮಗಳ ಮಾತೇ ಹೆಚ್ಚಿತ್ತು. ಯಂತ್ರ ದಿನಕ್ಕೊಮ್ಮೆ ಇಂಟರ್ನೆಟ್ ಮುಟ್ಟಲೇಬೇಕು, ಸೆಕೆಂಡ್‌ಹ್ಯಾಂಡ್ ಡಿಸ್ಕುಗಳಿಗೆ ನಿರ್ಬಂಧ ಎಂಬ ನಿಯಮಗಳೂ ಬಂದವು, ಜೂನ್‌ನಲ್ಲೇ ಹಿಂತೆಗೆದುಕೊಳ್ಳಬೇಕಾಯಿತು. ಕಿನೆಕ್ಟ್ ಕಡ್ಡಾಯವಾಗಿ ಸೇರಿದ್ದರಿಂದ ಬೆಲೆ 499 ಡಾಲರ್, ಪ್ಲೇಸ್ಟೇಷನ್ 4ಕ್ಕೆ 399. ಬೇಡವಾದವರೂ ನೂರು ಡಾಲರ್ ಹೆಚ್ಚು ತೆರಬೇಕಿತ್ತು. 2014ರಲ್ಲಿ ಕಿನೆಕ್ಟನ್ನು ಬೇರ್ಪಡಿಸಿ ಬೆಲೆ ಇಳಿಸಿದಾಗಲೇ, ಆ ಕ್ಯಾಮೆರಾಕ್ಕೆಂದು ಎತ್ತಿಟ್ಟಿದ್ದ ಗ್ರಾಫಿಕ್ಸ್ ಶಕ್ತಿಯ ಶೇ. 10ರಷ್ಟು ಪಾಲು ಆಟ ಕಟ್ಟುವವರ ಬಳಕೆಗೆ ಸಿಕ್ಕಿತು. ವೀ ತನ್ನ ಬೆಲೆಯಲ್ಲಾದರೂ ಪ್ರಾಮಾಣಿಕವಾಗಿತ್ತು. ಇಲ್ಲಿ ಮನೆಮಂದಿಯ ಹೆಸರಿನಲ್ಲಿ ಆಟಗಾರರಿಂದಲೇ ಕಿತ್ತುಕೊಂಡಂತಾಗಿತ್ತು.

ಅಷ್ಟರಲ್ಲಿ ಮನೆಮಂದಿಯೇ ಜಾಗ ಬದಲಿಸಿದ್ದರು. 2008ರಲ್ಲಿ ಐಫೋನಿಗೆ ಆ್ಯಪ್ ಸ್ಟೋರ್ ಬಂತು, ಮರುವರ್ಷ ಆ್ಯಂಗ್ರಿ ಬರ್ಡ್ಸ್ ಬಂತು. ಬಿಡುವಿನಲ್ಲಿ ಹತ್ತು ನಿಮಿಷ ಆಡುವವರಿಗೆ ಜೇಬಿನಲ್ಲೇ ಆಟ ಸಿಕ್ಕಿದ ಮೇಲೆ ಬೇರೆ ಯಂತ್ರವೇಕೆ? 2012ರ ಮಾರ್ಚ್‌ಗೆ ಕೊನೆಗೊಂಡ ಹಣಕಾಸು ವರ್ಷದಲ್ಲಿ ನಿಂಟೆಂಡೊ ನಷ್ಟ ಕಂಡಿತು. ಆ ನವೆಂಬರಿನಲ್ಲಿ ಬಂದ ವೀ ಯು ಕೇವಲ 1.36 ಕೋಟಿ ಮಾರಾಟವಾಯಿತು. ಆದರೂ ನಿಂಟೆಂಡೊ ಹಣ ಹಾಕದಿದ್ದರೆ ಹುಟ್ಟುತ್ತಲೇ ಇರದ ಬಯೊನೆಟ್ಟ 2ರಂಥ ಆಟ ಬಂದದ್ದು ಆ ಯಂತ್ರಕ್ಕೇ. 2014ರ ಸ್ಮ್ಯಾಶ್ ಜೊತೆಗೆ ಹಳೆಯ ಗೇಮ್‌ಕ್ಯೂಬ್ ಕಂಟ್ರೋಲರ್ ಸಿಕ್ಕಿಸುವ ಅಡಾಪ್ಟರನ್ನು ಕಂಪನಿಯೇ ಮಾರಿತು. ಡಬ್ಬಿ ಟಿವಿ ಹೊತ್ತು ತರುತ್ತಿದ್ದವರ ಮಾತು ಕೊನೆಗೂ ಕ್ಯೋಟೊದ ಕೇಂದ್ರ ಕಚೇರಿಗೆ ತಲುಪಿತ್ತು.

2015ರ ಜುಲೈನಲ್ಲಿ ಇವಾಟ ತೀರಿಕೊಂಡರು. ಅವರ ಕಾಲದಲ್ಲೇ ಕೆಲಸ ಶುರುವಾಗಿದ್ದ ಸ್ವಿಚ್ 2017ರ ಮಾರ್ಚ್ 3ರಂದು ಬಂತು, ಜೊತೆಗೆ ಬ್ರೆತ್ ಆಫ್ ದ ವೈಲ್ಡ್. ಆ ಆಟದ ವಿಶಾಲ ಬಯಲುಗಳನ್ನು ಕಟ್ಟಲು ಕೈಜೋಡಿಸಿದವರು ಝೀನೊಬ್ಲೇಡ್ ಮಾಡಿದ ಮೊನೊಲಿತ್ ಸಾಫ್ಟ್‌ನವರು. ಮೊದಲ ಪ್ರಸ್ಥಭೂಮಿ ದಾಟಿದೊಡನೆ ಆಟಗಾರ ನೇರವಾಗಿ ಕೊನೆಯ ಶತ್ರುವಿನ ಕೋಟೆಗೇ ಹೋಗಬಹುದು, ಇಲ್ಲವೇ ನೂರು ಗಂಟೆ ಅಣಬೆ ಕಿತ್ತು ಅಡುಗೆ ಮಾಡಿಕೊಂಡಿರಬಹುದು. ಅರ್ಧ ಗಂಟೆಯೊಳಗೆ ಆಟ ಮುಗಿಸುವ ಪರಿಣತರೂ ಅದರಲ್ಲಿದ್ದಾರೆ, ಕುದುರೆ ಹಿಡಿಯುವುದರಲ್ಲೇ ಸಂಜೆ ಕಳೆಯುವ ಮಕ್ಕಳೂ ಇದ್ದಾರೆ. ಸ್ವಿಚ್‌ಗೆ ಎಲ್ಲರಿಗೂ ಗೊತ್ತಿರುವ ಗುಂಡಿಗಳಿದ್ದವು, ಅನ್‌ರಿಯಲ್ ಎಂಜಿನ್ ಅದರ ಮೇಲೆ ಓಡುತ್ತಿತ್ತು. ಸ್ಕೈರಿಮ್, ಡಾರ್ಕ್ ಸೋಲ್ಸ್, ವಿಚರ್ 3 ಬಂದವು. ವೀಯಲ್ಲಿ ಇಲ್ಲದಿದ್ದದ್ದು ಇದೇ. ಝೀನೊಬ್ಲೇಡ್‌ನ ಎರಡನೆಯ, ಮೂರನೆಯ ಭಾಗಗಳು ಎಲ್ಲ ದೇಶಗಳಿಗೂ ಒಂದೇ ದಿನ ಬಂದವು. ಸ್ವಿಚ್ ಮಾರಾಟ 15 ಕೋಟಿ ದಾಟಿದೆ.

ಕುಂದುಗಳು ಉಳಿದವು. ಮಾತಾಡಿಕೊಂಡು ಆಡಲು ಬೇರೆ ಫೋನಿನಲ್ಲಿ ಆ್ಯಪ್ ತೆರೆಯಬೇಕಿತ್ತು. ಜಾಯ್-ಕಾನ್ ಎಂಬ ಅದರ ಕಂಟ್ರೋಲರುಗಳ ಕಡ್ಡಿಗಳು ಸವೆದು, ಮುಟ್ಟದಿದ್ದರೂ ಪಾತ್ರ ತಾನಾಗಿ ಸರಿಯುವ ತೊಂದರೆ ಲಕ್ಷಾಂತರ ಮಂದಿಯನ್ನು ಕಾಡಿತು, ಹೆಚ್ಚು ಆಡಿದವರನ್ನೇ ಹೆಚ್ಚು ಕಾಡಿತು.

2025ರ ಜೂನ್ 5ರಂದು ಬಂದ ಸ್ವಿಚ್ 2 ಮೊದಲ ನಾಲ್ಕು ದಿನಗಳಲ್ಲಿ 35 ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಬಂದಾಗ ಬೆಲೆ 449.99 ಡಾಲರ್ ಇತ್ತು. ಗೇಮ್‌ಕ್ಯೂಬ್ ಆಟಗಳು ಅದರ ಚಂದಾ ಸೇವೆಯಲ್ಲಿವೆ, ಅದೇ ಆಕಾರದ ವೈರಿಲ್ಲದ ಕಂಟ್ರೋಲರ್ ಮಾರಾಟಕ್ಕಿದೆ. ಎಫ್-ಝೀರೊ ಜಿಎಕ್ಸ್ ಮತ್ತೆ ಆಡಬಹುದು. ಈಗಿನ ಜಗಳ ಗೇಮ್-ಕೀ ಕಾರ್ಡುಗಳ ಮೇಲೆ. ಅಂಗಡಿಯಲ್ಲಿ ಪೂರ್ತಿ ಬೆಲೆಗೆ ಕೊಂಡ ಆ ಕಾರ್ಡಿನಲ್ಲಿ ಆಟವೇ ಇರುವುದಿಲ್ಲ, ಇಂಟರ್ನೆಟ್‌ನಿಂದ ಇಳಿಸಿಕೊಳ್ಳಲು ಬೇಕಾದ ಕೀಲಿ ಮಾತ್ರ ಇರುತ್ತದೆ. ಸ್ಟ್ರೀಟ್ ಫೈಟರ್ 6 ಹೀಗೆ ಬಂತು. ಸಿಡಿ ಪ್ರಾಜೆಕ್ಟ್ ಮಾತ್ರ ಸೈಬರ್‌ಪಂಕ್ 2077ನ್ನು 64 ಜಿಬಿಯ ಕಾರ್ಡಿನಲ್ಲಿ ಇಡಿಯಾಗಿ ತುಂಬಿ ಕೊಟ್ಟಿತು. ಆಟಗಳನ್ನು ಕೂಡಿಟ್ಟು ದಶಕಗಳ ನಂತರವೂ ಆಡುವವರಿಗೆ ಈ ವ್ಯತ್ಯಾಸ ಬಹಳ ದೊಡ್ಡದು. ವೀಯ ಆನ್‌ಲೈನ್ ಸೇವೆಯನ್ನು ನಿಂಟೆಂಡೊ 2014ರ ಮೇ ತಿಂಗಳಲ್ಲಿ ನಿಲ್ಲಿಸಿತು. ಮಾರಿಯೊ ಕಾರ್ಟ್ ವೀ ಅಭಿಮಾನಿಗಳು ಅದೇ ತಿಂಗಳು ವೀಮ್‌ಫೈ ಎಂಬ ಸ್ವಂತ ಸರ್ವರ್ ಕಟ್ಟಿಕೊಂಡು ಆಟ ಮುಂದುವರಿಸಿದರು. ಡಿಸ್ಕು ಅವರ ಕೈಯಲ್ಲಿದ್ದದ್ದರಿಂದ ಅದು ಸಾಧ್ಯವಾಯಿತು.